ಗಾಡಿಯ ಬಾಯಿ ಮುಚ್ಚಿಸಿದ್ದು

ನನ್ನ ಗಂಟಲಿನಲ್ಲಿ ಐದು ತಾಲೂಕಿನ ಮಂದಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಚಿಕ್ಕೋಡಿಯ ಕಾಯಿಪಲ್ಲೆ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವನು, ಮಾತನ್ನು ಕನ್ನಡದಲ್ಲಿ ಶುರುಮಾಡಿ ಜಗಳಕ್ಕೆ ಮಾತ್ರ ಮರಾಠಿಗೆ ಜಿಗಿಯುವ ಊರಿಗೆಲ್ಲ ಚಿಕ್ಕಮ್ಮನಾದ ನಿಪ್ಪಾಣಿಯ ಮಾವಶಿ, ಆಕಳಿಸುತ್ತಲೇ ದ್ರಾಕ್ಷಿಯ ದರ ಹೇಳುವ ಅಥಣಿಯ ದಲಾಲಿ, ಉಪ್ಪಿಟ್ಟು ಅಗಿಯುತ್ತ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ರಾಯಬಾಗದ ಮಾಸ್ತರು, ಗಿರಾಕಿ ಬಾಯಿಗಿಡುವ ಮೊದಲೇ ‘ಸಕ್ಕರಿ ಕಡಿಮಿ ಆಗೇತೇನ್ರಿ’ ಎಂದು ತಪ್ಪೊಪ್ಪಿಕೊಳ್ಳುವ ಕಾಗವಾಡದ ಚಹಾದಂಗಡಿಯವನು. ಮದುವೆ ಮನೆಯಲ್ಲಿ, ಧಾಬಾದಲ್ಲಿ, ಯಾರಾದರೂ ‘ಲೇ, ಒಂದ ಹೊಡಿ’ ಅಂದರೆ ಸಾಕು, ಇವರೆಲ್ಲ ಸಾಲಾಗಿ ಹೊರಗೆ ಬರುತ್ತಾರೆ. ನನ್ನ ಸ್ವಂತ ದನಿ ಕೇಳಬೇಕೆಂದು ಈವರೆಗೆ ಯಾರೂ ಬೇಡಿಕೆ ಇಟ್ಟಿಲ್ಲ. ಹೆಣ್ಣು ನೋಡಲು ಹೋದ ಮನೆಯವರು ಕೂಡ ಮಾವಶಿಯದೇ ಕೇಳಿದರು. ಕೇಳಿ ನಕ್ಕರು. ಹೆಣ್ಣು ಕೊಡಲಿಲ್ಲ.

ಇಷ್ಟು ಮಂದಿಯಲ್ಲಿ ಒಬ್ಬನು ಮಾತ್ರ ನನ್ನ ಗಂಟಲಿಗೆ ಬಂದಿರಲಿಲ್ಲ. ಅವನು ನನ್ನ ಅಪ್ಪ.

ಅಣಕಿಸುವವನಿಗೂ ಕಚ್ಚಾ ಮಾಲು ಬೇಕು. ಅಪ್ಪನ ಹತ್ತಿರ ಮಾಲೇ ಇರಲಿಲ್ಲ. ಹೊಳೆದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬು ಅರೆಯುವ ಗಾಣಗಳ ಪಕ್ಕದಲ್ಲಿ ಅವನು ತನ್ನ ಪ್ರಾಯವನ್ನೆಲ್ಲ ಕಳೆದಿದ್ದ. ಚಿಂಚಲಿಯ ನಮ್ಮ ಮನೆಗೆ ಬಂದರೆ ‘ಹೂಂ’, ‘ಹಾಂ’, ಊಟದಲ್ಲಿ ‘ಉಪ್ಪು’. ಇಷ್ಟರಲ್ಲಿ ಯಾರನ್ನು ಅಣಕಿಸುವುದು? ಒಮ್ಮೆ ಗೆಳೆಯರ ಮುಂದೆ ‘ಈಗ ನಮ್ಮಪ್ಪ’ ಎಂದು ಹೇಳಿ ಸುಮ್ಮನೆ ಕೂತುಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಅಪ್ಪನ ದನಿ ಒಡೆಯಿತು. ಮೊದಲು ನೆಗಡಿ ಅಂದರು, ಆಮೇಲೆ ಬೀಡಿ ಅಂದರು, ಜ್ಯೇಷ್ಠಮಧು ಅಗಿಸಿದರು. ದನಿ ಪಿಸುಮಾತಿಗೆ ಇಳಿದಾಗ ನಾನು ಅವನನ್ನು ನನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಮಿರಜಕ್ಕೆ ಹೋದೆ. ಅಲ್ಲಿಯ ಡಾಕ್ಟರು ಮೂಗಿನೊಳಗಿಂದ ನಳಿಗೆ ಇಳಿಸಿ ನೋಡಿದರು, ತುಣುಕು ತೆಗೆದು ಕಳಿಸಿದರು, ಮತ್ತೊಮ್ಮೆ ಕರೆಸಿ ಹೇಳಿದರು.

“ಆವಾಜದ ಪೆಟಗಿನ ತಗೀಬೇಕ್ರಿ. ಜೀವ ಉಳೀತೈತಿ. ಆವಾಜ ಉಳ್ಯಾಂಗಿಲ್ಲ. ತಾರೀಖ ಆಮ್ಯಾಲ ಫೋನ ಮಾಡಿ ಕರಸಿ ಹೇಳತೀನಿ.”

ನಾನು ಏನು ಮಾಡಿದೆ ಗೊತ್ತೇ? ಹೊರಗೆ ಬೆಂಚಿನ ಮೇಲೆ ಅಪ್ಪನನ್ನು ಕೂರಿಸಿ, ಅದೇ ಡಾಕ್ಟರರ ದನಿಯಲ್ಲಿ, ಅವರಂತೆಯೇ ಪ್ರತಿ ಮಾತಿಗೂ ಕನ್ನಡಕ ಏರಿಸುತ್ತ, ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಬೇರೆ ಏನು ಮಾಡುವುದಕ್ಕೂ ನನಗೆ ಬರುವುದಿಲ್ಲ. ಅಪ್ಪ ನಕ್ಕ. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯಿತು.

ಅದೇ ದಿನ ಹಿಂದಿರುಗುವಾಗ, ಮ್ಹೈಸಾಳ ದಾಟಿ ಕಾಗವಾಡದ ಕಡೆ ಬರುತ್ತಿದ್ದಾಗ, ನಾನು ಎಡಗಡೆಯ ಕನ್ನಡಿ ನೋಡಲು ತಿರುಗಿದೆ. ಅಪ್ಪನ ತುಟಿ ಅಲುಗಾಡುತ್ತಿತ್ತು. ಮುಂದಿನ ಗಾಜನ್ನೇ ನೋಡುತ್ತ, ಕೈ ತೊಡೆಯ ಮೇಲಿಂದ ಚೂರು ಎತ್ತಿ ಇಳಿಸುತ್ತ, ಅವನು ಮಾತಾಡುತ್ತಿದ್ದ. ಒಂದೆರಡು ಮಾತಲ್ಲ. ನಮ್ಮ ಮನೆಯಲ್ಲಿ ಒಂದು ವರ್ಷಕ್ಕೆ ಆಗುವಷ್ಟು ಮಾತು ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋಗುವಷ್ಟರಲ್ಲಿ ಆಡುತ್ತಿದ್ದ.

ಒಂದಕ್ಷರ ಕೇಳಿಸಲಿಲ್ಲ.

“ಏನಂದಿ ಅಪ್ಪಾ?”

ಅವನು ತಲೆ ಅಲ್ಲಾಡಿಸಿದ. ನಾನು ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಮತ್ತೆ ಕೇಳಿದೆ.

“ಏನಿಲ್ಲ” ಎಂದು ಪಿಸುಗುಟ್ಟಿದ. “ನಡಿ.”

ಗಾಡಿ ಓಡತೊಡಗಿದ ಮೇಲೆ ತುಟಿ ಮತ್ತೆ ಶುರುವಾಯಿತು.

ನನ್ನ ಪಿಕಪ್ಪಿನ ಬಗ್ಗೆ ಇಲ್ಲಿ ಹೇಳಬೇಕು. ನಾನು ಕಬ್ಬಿನ ಸಸಿ ಸಾಗಿಸುವವನು. ನರ್ಸರಿಯಿಂದ ಸಸಿಯ ಟ್ರೇಗಳನ್ನು ತುಂಬಿಕೊಂಡು ಹೊಲಗಳಿಗೆ ಮುಟ್ಟಿಸುತ್ತೇನೆ. ಟ್ರೇ ಇಡಲು ಹಿಂದೆ ಅಂತಸ್ತು ಅಂತಸ್ತಾಗಿ ಕಬ್ಬಿಣದ ರ್‍ಯಾಕು ಕಟ್ಟಿಸಿದ್ದೇನೆ. ಖಾಲಿ ಇದ್ದಾಗ ಅದರೊಳಗೆ ಗಾಳಿ ಹೊಕ್ಕು ಊರಿಗೆಲ್ಲ ಕೇಳುವಂತೆ ಸಿಳ್ಳೆ ಹಾಕುತ್ತದೆ. ಕಬ್ಬಿನ ಹೊಲದ ಕೆಸರಿಗೆಂದು ಹಾಕಿಸಿದ ದಪ್ಪ ಹಲ್ಲಿನ ಟೈರುಗಳು ಡಾಂಬರಿನ ಮೇಲೆ ಗುಂಯ್‌ಗುಡುತ್ತವೆ. ಬಾಗಿಲಿನ ರಬ್ಬರು ಒಣಗಿ ಚಕ್ಕುಲಿಯಾಗಿದೆ. ಕಾಲಡಿಯ ತಗಡು ತಾಳ ಹಾಕುತ್ತದೆ. ಇಷ್ಟು ಮೇಳದ ನಡುವೆ ನಾನು ಇಷ್ಟು ವರ್ಷ ಆರಾಮಾಗಿ ಒದರಿಕೊಂಡು ಓಡಾಡಿದವನು. ಅಪ್ಪನ ಪಿಸುಮಾತು ಇದರ ಮುಂದೆ ಯಾವ ಲೆಕ್ಕ?

ಮರುಸಲ ತಪಾಸಣೆಗೆಂದು ಮಿರಜಕ್ಕೆ ಹೋಗುವಾಗ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಅಪ್ಪನಿಗೆ ತಿಳಿಯದಂತೆ ಅವನ ಮುಂದಿನ ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಸಿಕ್ಕಿಸಿದೆ. ಮನೆಗೆ ಬಂದು ಕೇಳಿದರೆ ಉದ್ದಕ್ಕೂ ಗಾಳಿ. ನಡುನಡುವೆ ನನ್ನದೇ ಕೆಮ್ಮು. ಐದು ತಾಲೂಕಿನವರ ಕೆಮ್ಮು ಬರುವ ನನಗೆ ನನ್ನ ಕೆಮ್ಮು ಅಷ್ಟು ಅಸಹ್ಯ ಎಂದು ಅಂದೇ ಗೊತ್ತಾದದ್ದು.

ಡಾಕ್ಟರು ತಾರೀಖು ಕೊಡುವುದರೊಳಗೆ ಆ ಮಾತು ನನಗೆ ಕೇಳಿಸಬೇಕಿತ್ತು. ಪೆಟ್ಟಿಗೆ ತೆಗೆದ ಮೇಲೆ ಕೇಳಲು ಏನಿರುತ್ತದೆ? ಹಾಗಾಗಿ ಗಾಡಿಯ ಬಾಯಿ ಮುಚ್ಚಿಸಲು ಚಿಕ್ಕೋಡಿಗೆ ಹೋದೆ.

ಅಲ್ಲಿ ಗಾಡಿಗಳ ಸೀಟು ಹೊಲಿಯುವ ಒಬ್ಬ ಚಾಚಾ ಇದ್ದಾನೆ. ಏನೇ ಕೇಳಲು ಹೋದರೂ ಗಾಡಿಯ ಛತ್ತಿಗೆ, ಅಂದರೆ ಒಳಚಾವಣಿಗೆ, ನಕ್ಷತ್ರದ ಬಟ್ಟೆ ಅಂಟಿಸಿಕೋ ಎನ್ನುವುದು ಅವನ ಚಟ. ನಾನು ಅವನ ಮುಂದೆ ನಿಂತು ಗಾಡಿಯ ಸದ್ದುಗಳನ್ನು ಒಂದೊಂದಾಗಿ ಮಾಡಿ ತೋರಿಸಿದೆ. ನಿಧಾನಕ್ಕೆ ಹೋದರೆ ಕಾಲಡಿಯಿಂದ ಬರುವ ‘ಧಡಲ್ ಧಡಲ್’, ಜೋರಾದರೆ ಬಾಗಿಲಿನ ‘ಸುಂಯ್’, ಟೈರಿನ ‘ಘೂಂ’, ಬೆನ್ನ ಹಿಂದಿನ ರ್‍ಯಾಕಿನ ಸಿಳ್ಳೆ. ಪಕ್ಕದ ಪಂಕ್ಚರ್ ಅಂಗಡಿಯವನು ಕೆಲಸ ಬಿಟ್ಟು ಎದ್ದು ಬಂದ.

“ಇದು ಗಾಡಿದ ಆವಾಜೋ, ನಿಂದೋ?” ಎಂದ ಚಾಚಾ.

“ನಂದಾದ್ರ ಗಂಟಲದ ಡಾಕ್ಟರ ಕಡೆ ಹೋಗತಿದ್ನಿ ಚಾಚಾ” ಅಂದೆ. ಅಂದಮೇಲೆ ನನ್ನ ಮಾತು ನನಗೇ ಚುಚ್ಚಿತು.

“ಪಿಕಪ್ಪ ಇಟಗೊಂಡು ಕಾರಿನ ಕನಸ ಕಾಣಾಕತ್ತಿ ಬೇಟಾ. ಎಮ್ಮಿಗೆ ರೇಶ್ಮಿ ಸೀರಿ ಉಡಿಸಿದ್ರ ಅದು ರಾಡ್ಯಾಗ ಮಲಗೋದ ಬಿಡತೈತೇನ? ಛತ್ತಿಗೆ ಒಂದ ಚಿಕ್ಕಿ ಚಿಕ್ಕಿದ ಕಪಡಾ ಹಾಕಸ. ಮನಸ ತಣ್ಣಗಾಕ್ಕೈತಿ.”

“ಬರೇ ಕಿವಿ ತಣ್ಣಗಾದ್ರ ಸಾಕ ನನಗ.”

ಅವನಿಗೆ ಕೈತುಂಬ ಕೆಲಸವಿತ್ತು, ಮುಂದಿನ ವಾರ ಬಾ ಎಂದ. ನನಗೆ ಆ ವಾರ ಕಾಯುವ ತಾಳ್ಮೆ ಎಲ್ಲಿತ್ತು? ನಾನೇ ಕೈ ಹಾಕಿದೆ. ಅವ್ವನ ತವರು ನಿಪ್ಪಾಣಿ ಕಡೆಯ ಬೋರಗಾಂವ. ಅಲ್ಲಿ ಮನೆಮನೆಗೂ ವಿದ್ಯುತ್ ಮಗ್ಗ. ಮಗ್ಗದ ಕೆಳಗೆ ಬೀಳುವ ನೂಲಿನ ಚಿಂದಿಯನ್ನು ಸೋದರಮಾವ ಎರಡು ಚೀಲ ತುಂಬಿ ಕೊಟ್ಟ. ಬಾಗಿಲುಗಳ ಒಳಗಿನ ಹಲಗೆ ಬಿಚ್ಚಿ, ಆ ಚಿಂದಿಯನ್ನು ಮೂಲೆಮೂಲೆಗೂ ಒತ್ತಿ ಒತ್ತಿ ತುಂಬಿದೆ. ಕಂಡ ತೂತನ್ನೆಲ್ಲ ಮುಚ್ಚಿದೆ. ಬಾಗಿಲು ಬಡಿದರೆ ದಿಂಬಿಗೆ ಗುದ್ದಿದಂತೆ ‘ದಪ್’ ಎಂದಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಮಳೆ ಬಂತು. ಮಳೆ ನಿಂತ ಮೇಲೆ ಗಾಡಿ ತೆಗೆದರೆ ಎಡಗಡೆಯ ಬಾಗಿಲು ಹೊಟ್ಟೆ ತುಂಬ ನೀರು ಕುಡಿದ ಎತ್ತಿನ ಹಾಗೆ ಪ್ರತಿ ತಿರುವಿಗೂ ‘ಗುಳುಗುಳು’ ಎನ್ನತೊಡಗಿತು. ಗಾಜು ಅರ್ಧಕ್ಕೆ ಇಳಿದು ಅಲ್ಲೇ ಸಿಕ್ಕಿಕೊಂಡಿತು. ಇದ್ದ ಸದ್ದು ಹೋಗಲಿಲ್ಲ, ಇಲ್ಲದ ಸದ್ದು ಬಂತು. ನಾಚಿಕೆ ಬಿಟ್ಟು ಮತ್ತೆ ಚಾಚಾನ ಹತ್ತಿರ ಹೋದೆ. ಅವನು ಬಾಗಿಲು ಬಿಚ್ಚಿ, ಒದ್ದೆ ಚಿಂದಿಯನ್ನು ಕೋಳಿಯ ಕರುಳು ಎಳೆದಂತೆ ಎಳೆದು ಹಾಕುತ್ತ ಗೊಣಗಿದ.

“ಬಾಗಲದ ತಳಕ್ಕ ತೂತ ಯಾಕ ಇಟ್ಟಿರತಾರ? ಗಾಜಿನ ಸಂದ್ಯಾಗ ಇಳದ ನೀರ ಹೋಗಾಕ. ನೀ ಅದಕ್ಕ ಚಿಂದಿ ತುರಕೀದಿ. ಹೆಣದ ಮೂಗಿಗೆ ಹತ್ತಿ ಇಟ್ಟಂಗ.”

ಹೆಣ ಎಂಬ ಮಾತು ಬಂದದ್ದೇ ನಾನು ಅಂಗಡಿಯ ಹಿಂದೆ ಹೋಗಿ ನಿಂತೆ. ಹಿಂದಿರುಗಿ ಬಂದಾಗ ಚಾಚಾ ನನ್ನ ಮುಖ ನೋಡಿದ.

“ಏನಾತೋ?”

ಹೇಳಿದೆ. ಅಪ್ಪ, ಗಂಟಲು, ಮಿರಜ, ತುಟಿ ಎಲ್ಲ ಹೇಳಿದೆ. ಯಾರ ದನಿಯಲ್ಲಿ ಹೇಳಿದೆನೋ ಗೊತ್ತಿಲ್ಲ. ಅವನು ಸರದಿಯಲ್ಲಿದ್ದ ಒಂದು ಜೀಪನ್ನು ಪಕ್ಕಕ್ಕೆ ಸರಿಸಿ ನನ್ನ ಗಾಡಿ ಒಳಗೆ ತೆಗೆದುಕೊಂಡ. ನಕ್ಷತ್ರದ ಮಾತು ಎತ್ತಲಿಲ್ಲ.

ಈ ಸಲ ಕೆಲಸ ನೆಟ್ಟಗೆ ಆಯಿತು. ಕಾಲಡಿಯ ರಬ್ಬರಿನ ಹಾಸು ಎತ್ತಿ ತಗಡಿಗೆ ಡಾಂಬರಿನ ದಪ್ಪ ಹಾಳೆ ಅಂಟಿಸಿದ, ಅದರ ಮೇಲೆ ಕಂಬಳಿಯಂಥ ಹಾಸು. ಪೆಡಲುಗಳ ಹಿಂದೆ ವೈರು ಹಾಯುವ ಸಂದಿಗಳಿಗೆ ರಬ್ಬರು. ಬಾಗಿಲುಗಳಿಗೆ ಹೊಸ ರಬ್ಬರು, ಅದೂ ಎರಡು ಸುತ್ತು. ತಳದ ತೂತುಗಳನ್ನು ಮಾತ್ರ ಬಿಟ್ಟ. ನಾನು ಹಿಂದಿನ ರ್‍ಯಾಕು ಬಿಚ್ಚಿಸಿದೆ, ಟೈರು ಬದಲಿಸಿ ಉದ್ದ ಗೆರೆಯವನ್ನು ಹಾಕಿಸಿದೆ. ನರ್ಸರಿಯ ಮಾಲಕ ನೋಡಿ, “ಇನ್ನ ಸಸಿ ಏನ ತಲಿಮ್ಯಾಲ ಹೊತ್ತಕೊಂಡ ಹೋಗಾಂವೇನ?” ಎಂದ. ಹೊರುವೆ ಎಂದೆ.

ತಾರೀಖು ಹೇಳುತ್ತೇವೆಂದು ಮಿರಜದಿಂದ ಕರೆ ಬಂದ ದಿನ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಗಾಜು ಏರಿಸಿದೆ. ಕುಡಚಿ ದಾಟಿ ಕೃಷ್ಣೆಯ ಸೇತುವೆಗೆ ತಿರುಗುವಾಗ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು. ಗಾಡಿ ತಗೊಂಡಾಗಿನಿಂದ ಆ ಸದ್ದು ಅದರಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ. ಅಪ್ಪನ ಉಸಿರು ಗಂಟಲಲ್ಲಿ ತೊಡರಿಕೊಂಡು ಹೋಗಿಬರುವುದು ಕೇಳಿಸಿತು. ಅವನ ಕಿಸೆಯಲ್ಲಿನ ಮಾತ್ರೆಯ ಹಾಳೆ ಚರಚರ ಎಂದದ್ದೂ ಕೇಳಿಸಿತು. ನಾನು ಕಿವಿಯನ್ನು ಎಡಗಡೆಗೆ ಹಾಸಿ ಕೂತೆ.

ಉಗಾರ ಬಂತು. ಅಪ್ಪ ಬಾಯಿ ತೆರೆಯಲಿಲ್ಲ. ಶೇಡಬಾಳ ಬಂತು. ಇಲ್ಲ. ಅವನನ್ನು ಕೆದಕಬೇಕೆಂದು ಸವಾಲು ಕೂಗುವವನನ್ನು ಕರೆದೆ, ಮಾವಶಿಯನ್ನು ಕರೆದೆ, ಅಥಣಿಯ ದಲಾಲಿಯಂತೆ ಆಕಳಿಸಿದೆ. ಆ ಮೌನದಲ್ಲಿ ನನ್ನ ಆಟ ಬಾಡಿಗೆಯವರು ಬಿಟ್ಟುಹೋದ ಮನೆಯಲ್ಲಿ ಪಾತ್ರೆ ಬಿದ್ದಂತೆ ಕೇಳುತ್ತಿತ್ತು. ಅಪ್ಪ ಕೆಮ್ಮು ಬಂದರೂ ಟವೆಲಿನಲ್ಲಿ ಮುಚ್ಚಿ, ಯಾರದೋ ಮನೆಗೆ ಬಂದವನ ಹಾಗೆ ಸಣ್ಣಗೆ ಕೆಮ್ಮಿದ. ಕಾಗವಾಡ ದಾಟಿದ ಮೇಲೆ ಒಂದೇ ಮಾತು ಆಡಿದ.

“ಗಾಡಿ ಭಾಳ ಸುಮ್ಮನಾತಲ್ಲ.”

ಸ್ಪಷ್ಟವಾಗಿ ಕೇಳಿಸಿತು. ಅಷ್ಟೇ.

ಡಾಕ್ಟರು ತಾರೀಖು ಕೊಟ್ಟರು. ಹತ್ತಿರದ್ದೇ. ಹಿಂದಿರುಗುವಾಗ ಪೂರ್ತಿ ದಾರಿ ಇಂಡಿಕೇಟರಿನ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. “ಏನರ ಮಾತಾಡ ಅಪ್ಪಾ” ಅಂದೆ. “ಏನ ಮಾತಾಡಲಿ” ಎಂದು ಕಿಟಕಿಯ ಕಡೆ ಮುಖ ಮಾಡಿದ. ಅವನು ನಾಚಿಕೊಂಡಂತಿತ್ತು. ನನಗೆ ಸ್ಟೇರಿಂಗಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಮನೆಗೆ ಬಂದವನು ಅವ್ವನ ಮುಂದೆ ಕೂತು ಎಲ್ಲ ಒದರಿದೆ. ಅವಳು ಹಿತ್ತಲಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅವ್ವ ಮದುವೆಗೆ ಮೊದಲು ಬೋರಗಾಂವದಲ್ಲಿ ಮಗ್ಗ ನಡೆಸಿದವಳು. ಆ ಸದ್ದಿನಲ್ಲಿ ಪಳಗಿದ ದನಿ ಅವಳದು, ಗುಟ್ಟು ಹೇಳಿದರೂ ಮೂರು ಮನೆಗೆ ಮುಟ್ಟುತ್ತದೆ. ಅವತ್ತು ಮಾತ್ರ ಕೈಯಲ್ಲಿನ ಸೊಪ್ಪು ಬಿಡದೆ ಮೆಲ್ಲಗೆ ಹೇಳಿದಳು.

“ಖೋಡಿ, ಅಂವಗ ತನ್ನ ಮಾತ ಯಾರಿಗೂ ಕೇಳಿಸಬೇಕಂತ ಇರಲಿಲ್ಲೋ.”

“ಅಂದ್ರ?”

“ಮಗ್ಗದ ಮುಂದ ನಿಂತ ನಾವೆಲ್ಲಾ ಮಾತಾಡತಿದ್ವಿ. ಮಾಲಕಗ ಬೈತಿದ್ವಿ, ಅತ್ತಿ ಆಗಾಕಿಗೆ ಬೈತಿದ್ವಿ. ನಮ್ಮವ್ವ ಸತ್ತ ವರ್ಷ ನಾ ಖುಲ್ಲಾ ಬಾಯಿ ಬಿಟ್ಟ ಅಳತಿದ್ನಿ, ಸತ್ತಾಕಿ ಜೋಡಿ ಮಾತಾಡತಿದ್ನಿ. ಯಾರಿಗೂ ಕೇಳತಿರಲಿಲ್ಲ. ಬಾಯಿ ನೋಡಿದ್ರ ತಿಳೀತಿತ್ತ ಮತ್ತ, ನಮಗ ಅದು ರೂಢಿ. ಆದ್ರ ಯಾರರ ಹಂಗ ಮಾತಾಡಾಕತ್ರ ಬಾಜೂಕಿನಾಕಿ ಮಾರಿ ಆ ಕಡೆ ತಿರಗಸತಿದ್ಲು. ಅದು ಅಲ್ಲಿ ನ್ಯಾಯ. ಮಗ್ಗ ಬಂದ್ ಆತು, ಎಲ್ಲಾರ ಬಾಯೀನೂ ಬಂದ್.”

ನಾನು ಕೆಳಗೆ ಬಿದ್ದಿದ್ದ ಮೆಂತ್ಯೆಯ ಕಡ್ಡಿ ಆರಿಸತೊಡಗಿದೆ.

“ನಿಮ್ಮಪ್ಪಂದೂ ಗಾಣದ ಬಾಜೂಕ ಹಂಗ ಇರಬೇಕು” ಎಂದಳು. “ಇಷ್ಟ ವರ್ಷ ಮನ್ಯಾಗ ಯಾಕ ಸುಮ್ಮನಿರತಿದ್ದ ಅಂತಿ? ಅಲ್ಲೇ ಎಲ್ಲಾ ಆಡಿ ಬರತಿದ್ದ. ನೌಕರಿ ಬಿಟ್ಟ ಮ್ಯಾಲ ಅಂವಗ ಗದ್ಲ ಎಲ್ಲಿ ಸಿಗಬೇಕು? ನಿನ್ನ ಹಾಳ ಗಾಡ್ಯಾಗ ಸಿಕ್ಕಿತ್ತು.”

ನಾನು ಎದ್ದು ಗಾಡಿಯ ಹತ್ತಿರ ಹೋದೆ. ಚಾಚಾ ಎರಡು ಸುತ್ತು ಕೂರಿಸಿದ ರಬ್ಬರನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಎಳೆದೆ. ಅದು ಬಿಡಲೊಲ್ಲದು. ನನ್ನ ಉಗುರು ಹರಿಯಿತು. ಕಂಬಳಿ ಹಾಸು ಕಿತ್ತೆ, ಡಾಂಬರಿನ ಹಾಳೆ ಅರ್ಧ ಹರಿದು ಬಂತು. ಸಂದಿಗಳ ರಬ್ಬರು ಕಿತ್ತೆ. ಬಿಚ್ಚಿಸಿದ ರ್‍ಯಾಕನ್ನು ಹೊತ್ತು ತಂದು ಬೋಲ್ಟು ಬಿಗಿದೆ. ಹಲ್ಲಿನ ಟೈರು ಮಾರಿಬಿಟ್ಟಿದ್ದೆ, ಅದೊಂದು ಮತ್ತೆ ಸಿಗಲಿಲ್ಲ. ಅದಕ್ಕೂ ಅಳು ಬಂತು, ಟೈರಿಗಾಗಿ ಅತ್ತ ಗಂಡಸು ನಮ್ಮ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ದವಾಖಾನೆಗೆ ಸೇರುವ ದಿನ ಅವ್ವನೂ ಬಂದಳು. ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ನಡುವೆ ಕೂತಳು, ಅಪ್ಪ ಎಡಗಡೆಯ ಕಿಟಕಿಗೆ. ನಾನು ಎರಡೂ ಕಡೆಯ ಗಾಜು ಪೂರ್ತಿ ಇಳಿಸಿದೆ.

“ಗಾಳಿ ಹತ್ತೀತು ಅಂವಗ” ಎಂದಳು ಅವ್ವ.

“ಹತ್ತಲಿ” ಅಂದೆ.

ಕುಡಚಿಯವರೆಗೆ ಏನೂ ಇಲ್ಲ. ಸೇತುವೆಯ ಮೇಲೂ ಇಲ್ಲ. ಉಗಾರ ದಾಟಿ ರಸ್ತೆ ಬಯಲಾದ ಮೇಲೆ ಗಾಡಿಯನ್ನು ಎಷ್ಟು ಸಾಧ್ಯವೋ ಅಷ್ಟು ಜೋರು ಬಿಟ್ಟೆ. ರ್‍ಯಾಕು ಸಿಳ್ಳೆ ಹಾಕತೊಡಗಿತು, ಬಾಗಿಲುಗಳು ಊದತೊಡಗಿದವು, ಕಾಲಡಿಯ ತಗಡು ಧಡಧಡ ಎಂದಿತು. ಕಣ್ಣಂಚಿನಲ್ಲಿ ಅಪ್ಪನ ಕೈ ತೊಡೆಯಿಂದ ಚೂರು ಮೇಲೆದ್ದದ್ದು ಕಂಡಿತು.

ಅವನು ಶುರುಮಾಡಿದ್ದ.

ಅವ್ವ ಒಮ್ಮೆ ಅವನ ತುಟಿ ನೋಡಿದಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಸೆರಗು ಮುಂದಕ್ಕೆಳೆದು, ಮುಖ ತಿರುಗಿಸಿ ರಸ್ತೆಯ ಕಡೆ ನೋಡತೊಡಗಿದಳು. ನನಗೆ ತಡೆಯಲಾಗಲಿಲ್ಲ. ಅವಳ ಕಿವಿಗೆ ಬಾಯಿಟ್ಟು ಒದರಿದೆ.

“ಏನಂತಾನ ಯವ್ವಾ?”

“ಗಾಡಿ ಹೊಡಿ ನೀ.”

“ಒಂದರ ಹೇಳ. ನನ್ನ ಬಗ್ಗೆ ಏನ?”

“ಮುಂದ ನೋಡ ಅಂದ್ನಿ.”

ನೋಡಿದೆ. ಶೇಡಬಾಳ, ಕಾಗವಾಡ, ಮ್ಹೈಸಾಳ, ಎಲ್ಲ ಹಿಂದೆ ಹೋದವು. ಅಪ್ಪ ಒಂದು ಕಡೆ ಭುಜ ಕುಣಿಸಿ ನಕ್ಕ. ಒಂದು ಕಡೆ ಬೆರಳು ಮಡಚಿ ಯಾರದೋ ಲೆಕ್ಕ ಹೇಳಿದ. ಇನ್ನೊಂದು ಕಡೆ ಟವೆಲಿನಿಂದ ಕಣ್ಣೊರೆಸಿಕೊಂಡು, ಒರೆಸಿಕೊಳ್ಳುವಾಗಲೂ ನಿಲ್ಲಿಸದೆ ಹೇಳಿದ. ನಾನು ಅದೇ ಸೀಟಿನಲ್ಲಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಆ ದನಿ ಮುಗಿದುಹೋಗುತ್ತಿತ್ತು, ನನ್ನ ಪಾಲಿಗೆ ಬಂದದ್ದು ಗಾಳಿ. ಗಾಜು ಏರಿಸಲು ಎರಡು ಸಲ ಕೈ ಹೋಯಿತು. ಏರಿಸಿದರೆ ಏನಾಗುತ್ತದೆಂದು ಗೊತ್ತಿದ್ದುದರಿಂದ ಕೈಯನ್ನು ಗೇರಿನ ಮೇಲೆ ಒತ್ತಿ ಹಿಡಿದೆ.

ಮಿರಜದೊಳಗೆ ಹೊಕ್ಕಮೇಲೆ ಸಂದಣಿ. ರಿಕ್ಷಾ, ಬಸ್ಸು, ಕೈಗಾಡಿ. ಗಾಡಿ ನಡಿಗೆಯ ವೇಗಕ್ಕೆ ಇಳಿಯಿತು, ರ್‍ಯಾಕಿನ ಸಿಳ್ಳೆ ಅಡಗಿತು. ಅಪ್ಪ ಮಾತಿನ ನಡುವೆಯೇ ನಿಂತ. ಬಾಯಿ ಸ್ವಲ್ಪ ತೆರೆದೇ ಇತ್ತು, ಕೈ ಇನ್ನೂ ಇಳಿದಿರಲಿಲ್ಲ. ಅದು ಮುಗಿದ ಮಾತಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ಆಮೇಲೆ ಬಾಯಿ ಮುಚ್ಚಿಕೊಂಡ.

ದವಾಖಾನೆಯ ಗೇಟು ಎಡಕ್ಕೆ ಬಂತು. ಅವ್ವ ಚೀಲ ಎತ್ತಿಕೊಂಡಳು. ನಾನು ತಿರುಗಿಸಲಿಲ್ಲ.

“ದವಾಖಾನಿ ಹಿಂದ ಉಳೀತಲ್ಲೋ” ಎಂದಳು.

“ಕಂಡೇತಿ.”

ಅಪ್ಪ ನನ್ನ ಕಡೆ ತಿರುಗಿ ನೋಡಿದ. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಏನಾದರೂ ತಮಾಷೆ ಮಾಡಬಹುದಿತ್ತು, ಗಂಟಲಿನಲ್ಲಿದ್ದ ಒಬ್ಬರೂ ಮುಂದೆ ಬರಲಿಲ್ಲ. ಸಂದಣಿ ತೆಳುವಾಗಿ, ಅಂಗಡಿಗಳು ಮುಗಿದು, ಊರ ಹೊರಗಿನ ದೊಡ್ಡ ರಸ್ತೆ ಸಿಕ್ಕಿತು. ಗೇರು ಬದಲಿಸಿ ಒತ್ತಿದೆ. ಗಾಳಿ ಒಳಗೆ ನುಗ್ಗಿತು, ಅಪ್ಪನ ಕೈ ತೊಡೆಯಿಂದ ಮತ್ತೆ ಮೇಲೆದ್ದಿತು.

ಎಷ್ಟು ದೂರ ಹೋಗಬೇಕೆಂದು ನನಗೆ ತಿಳಿಯಲಿಲ್ಲ. ಗಾಡಿ ಹಿಂದಕ್ಕೆ ತಿರುಗಿಸುವ ಜಾಗ ಒಂದು ಬಂತು. ನಾನು ಅವ್ವನ ಕಡೆ ನೋಡಿದೆ. ಅವಳು ಸೆರಗಿನ ಸಂದಿಯಿಂದ ಒಂದು ಕ್ಷಣ ಎಡಗಡೆ ಅಪ್ಪನ ತುಟಿಯತ್ತ ಕಣ್ಣು ಹಾಯಿಸಿ, ಮತ್ತೆ ಮುಂದೆ ನೋಡಿದಳು.

“ಇನ್ನಾ ಐತಿ” ಎಂದಳು. “ನಡಿ.”